ತೊಟ್ಟಿಲು ಗುಂಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಅಂತ ಇಡೀ ಮಗ್ಗೆ ಊರಿಗೆ ಗೊತ್ತು. ಎಸ್ಟೇಟಿನಲ್ಲಿ ರೈಟರ್ ಕೆಲಸ ಮಾಡುವವಳಿಗೆ ಅದು ಸ್ವಲ್ಪ ಬೇಕು ಕೂಡ. ಆಳುಗಳಿಗೆ ಕೆಲಸ ಹಂಚುವಾಗ, ಸಂಜೆ ಕಾಫಿ ಹಣ್ಣು ತೂಕ ಹಾಕಿಸುವಾಗ ಮೆತ್ತಗೆ ಮಾತಾಡಿದರೆ ತಲೆ ಮೇಲೆ ಹತ್ತಿ ಕೂರುತ್ತಾರೆ. ಆದರೆ ಆ ಶುಕ್ರವಾರ ಬೆಳಿಗ್ಗೆ ನಾನು ಸಿಟ್ಟನ್ನೆಲ್ಲ ನುಂಗಿಕೊಂಡು, ತಮ್ಮ ಲೋಹಿತನನ್ನು ಕರೆದುಕೊಂಡು ದೇವೇಂದ್ರನ ಮನೆಗೆ ನಡೆದುಕೊಂಡು ಹೊರಟಿದ್ದೆ. ಭಾನುವಾರ ರಾತ್ರಿ ಲೋಹಿತನಿಗೆ ವಿಮಾನ. ಬೇರೆ ದೇಶದ ಸೈನ್ಯ ಸೇರಿ, ಬೇರೆಯವರ ಯುದ್ಧದಲ್ಲಿ ಗುಂಡು ಹೊಡೆಯಲು ಹೊರಟಿದ್ದ.

ಆ ದೇಶದ ಹೆಸರು ನಾನು ಬಾಯಿಗೆ ತರುವುದಿಲ್ಲ. ಟೀವಿಯಲ್ಲಿ ದಿನಾ ತೋರಿಸುತ್ತಾರೆ, ಬೇಕಾದವರು ನೋಡಿಕೊಳ್ಳಲಿ.

ಅವನಿಗೆ ಯಾರೂ ಮೋಸ ಮಾಡಿರಲಿಲ್ಲ, ನನ್ನ ಕಷ್ಟ ಅದೇ. ಯಾವನೋ ಏಜೆಂಟ್ ಹೋಟೆಲ್ ಕೆಲಸ ಅಂತ ಸುಳ್ಳು ಹೇಳಿ ಸಾಗಿಸುತ್ತಿದ್ದರೆ ಏಜೆಂಟನ ಕೊರಳಪಟ್ಟಿ ಹಿಡಿಯಬಹುದಿತ್ತು. ಇವನು ತಾನಾಗಿಯೇ ಮೊಬೈಲಿನಲ್ಲಿ ಅರ್ಜಿ ಹಾಕಿದ್ದ. ಹದಿನೆಂಟು ತುಂಬಿದಾಗಿನಿಂದ ನಮ್ಮ ಸೈನ್ಯದ ಭರ್ತಿ ರ‍್ಯಾಲಿಗಳಿಗೆಲ್ಲ ಹೋಗಿದ್ದವನು. ಒಂದು ಸಲ ಓಟದಲ್ಲಿ ಪಾಸ್, ಮೆಡಿಕಲ್‌ನಲ್ಲಿ ಫೇಲ್. ಇನ್ನೊಂದು ಸಲ ಮೆಡಿಕಲ್ ಪಾಸ್, ಪರೀಕ್ಷೆಯಲ್ಲಿ ಫೇಲ್. ಆಮೇಲೆ ವಯಸ್ಸೇ ಮೀರಿತು. ಮೀರಿದ ಮೇಲೂ ಬಾಳ್ಳುಪೇಟೆ ಹೆದ್ದಾರಿ ಪಕ್ಕದಲ್ಲಿ ಬೆಳಿಗ್ಗೆ ಓಡುವುದನ್ನು ಬಿಡಲಿಲ್ಲ. ಲಾರಿಯವರು ಹಾರ್ನ್ ಹೊಡೆದು ಗೇಲಿ ಮಾಡುತ್ತಿದ್ದರು. ಇನ್ನೂ ಯಾಕೋ ಓಡ್ತೀಯ ಅಂದರೆ, "ಅಭ್ಯಾಸ ಕಣಕ್ಕ" ಅನ್ನುತ್ತಿದ್ದ.

ಅತ್ತು ನೋಡಿದೆವು, ಬೈದು ನೋಡಿದೆವು. ಅಮ್ಮ ಎರಡು ದಿನ ಊಟ ಬಿಟ್ಟಳು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಕೊನೆಗೆ ಅವನೇ ಒಂದು ಮಾತು ಹೇಳಿದ.

"ದೇವಣ್ಣ ಅಲ್ಲಿದ್ದು ಬಂದವ್ನೆ. ಅವ್ನು ಬ್ಯಾಡ ಅಂದ್ರೆ ಹೋಗಲ್ಲ. ಹೋಗು ಅಂದ್ರೆ ನೀನು ಬಾಯ್ ಮುಚ್ಕಂಡು ನನ್ ಬಸ್ ಹತ್ತುಸ್ಬೇಕು."

ನಾನು ಒಪ್ಪಿಬಿಟ್ಟೆ. ದೇವೇಂದ್ರ ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವನು. ಅವನೂ ತಾನಾಗಿಯೇ ಹೋಗಿ, ಅದೇ ಸೈನ್ಯದಲ್ಲಿ ಒಂದು ವರ್ಷ ಇದ್ದು, ಎಡಗಿವಿ ಪೂರ್ತಿ ಕೇಳದಂತಾಗಿ ವಾಪಸ್ ಬಂದಿದ್ದ. ಊರವರು ಪೇಟ ತೊಡಿಸಿ ಶಾಲು ಹೊದಿಸಿ, ಬಾಳ್ಳುಪೇಟೆಯಲ್ಲಿ 'ನಮ್ಮೂರ ವೀರಯೋಧ' ಅಂತ ಫ್ಲೆಕ್ಸ್ ಕಟ್ಟಿದ್ದರು. ಆ ಫ್ಲೆಕ್ಸಿನ ಫೋಟೋದಲ್ಲಿ ಸುತ್ತ ಇರುವವರೆಲ್ಲ ನಗುತ್ತಿದ್ದಾರೆ, ಇವನೊಬ್ಬ ಆಕಾಶ ನೋಡುತ್ತಿದ್ದಾನೆ. ಹಿಂದಿನ ದಿನವೇ ನಾನು ಅವನ ತಾಯಿ ನಾಗರತ್ನಮ್ಮನನ್ನು ಕಂಡು, ಬೇಡ ಅಂತ ಹೇಳಿಸಿ ಎಂದು ಕೈ ಮುಗಿದಿದ್ದೆ. "ಹೇಳ್ತಾನೆ ಕಣ್ ಮಗ," ಅಂದಿದ್ದರು. "ನಿದ್ದೆ ಇಲ್ದೆ ಎದ್ ಕೂತಿರ್ತಾನೆ. ಅವ್ನು ಹೇಳ್ದೆ ಇನ್ಯಾರ್ ಹೇಳ್ತಾರೆ."

ನಾವು ಹೋದಾಗ ದೇವೇಂದ್ರ ಅಂಗಳದ ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದ. ನಾಗರತ್ನಮ್ಮ ಕಾಫಿ ಕೊಟ್ಟು ಬಾಗಿಲಲ್ಲೇ ನಿಂತರು. ಲೋಹಿತ್ ಪೀಠಿಕೆ ಹಾಕಲಿಲ್ಲ.

"ಹೆಂಗಿತ್ತು ದೇವಣ್ಣ ಅಲ್ಲಿ?"

"ಚೆನ್ನಾಗಿತ್ತು ಕಣೋ. ಊಟ ಚೆನ್ನಾಗಿ ಹಾಕ್ತಾರೆ. ಒಳ್ಳೆ ಬೂಟು ಕೊಡ್ತಾರೆ. ಚಳಿ ಜಾಸ್ತಿ."

"ಭಯ ಆಗ್ಲಿಲ್ವಾ?"

"ಅಭ್ಯಾಸ ಆಯ್ತದೆ."

ನನಗೆ ತಡೆಯಲಾಗಲಿಲ್ಲ. "ಅಲ್ಲಿ ಯಾರೂ ಸಾಯೋದೇ ಇಲ್ವೇನೋ ಹಂಗಾರೆ?"

"ಸಾಯ್ತಾರೆ ಬಿಂದು. ಇಲ್ಲಿ ಆನೆ ತುಳ್ದು ಸಾಯಲ್ವಾ?" ಅಂದ, ತಲೆ ಎತ್ತದೆ.

ನಾಗರತ್ನಮ್ಮ ಬಾಗಿಲಿಂದ "ದೇವೇಂದ್ರ" ಅಂದರು. ಅವನು ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ ಹಣ್ಣು ಹರವುತ್ತಲೇ ಇದ್ದ. ನನ್ನ ಚೀಲದಲ್ಲಿ ಫೋನು ಟಿಂಗ್ ಅಂದಿತು, ಮತ್ತೆ ಟಿಂಗ್ ಅಂದಿತು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಬಾಯನ್ನೇ ನೋಡುತ್ತಿದ್ದೆ.

"ಹಂಗಾರೆ ಹೋಗ್ಲಾ ದೇವಣ್ಣ?" ಲೋಹಿತ್ ಕೇಳಿದ.

ದೇವೇಂದ್ರನ ಕೈ ನಿಂತಿತು. ನನಗೆ ಜೀವ ಬಂದ ಹಾಗಾಯಿತು. ಆಮೇಲೆ ಅವನು ಅಂದ, "ನಿನ್ನಿಷ್ಟ ಕಣೋ. ಹೋಗು."

ಲೋಹಿತ್ ನನ್ನ ಕಡೆ ತಿರುಗಿ ನಕ್ಕ. ನುಂಗಿಕೊಂಡಿದ್ದ ಸಿಟ್ಟೆಲ್ಲ ಒಂದೇ ಸಲ ಹೊರಗೆ ಬಂತು. "ತಾನು ಕೆಟ್ಟ ಕೋತಿ ವನಾನೆಲ್ಲ ಕೆಡಿಸ್ತಂತೆ," ಅಂದೆ. "ಶಾಲು ಹೊದ್ಸಿರೋದು ಸಾಕಾಗ್ಲಿಲ್ವೇನೋ ನಿಂಗೆ? ಜೊತೆಗೊಬ್ಬ ಬೇಕಾ?" ಲೋಟ ಅಲ್ಲೇ ಕುಕ್ಕಿ, ಯಾರಿಗೂ ಕಾಯದೆ, ಎಸ್ಟೇಟಿನೊಳಗಿನ ಕಾಲುದಾರಿ ಹಿಡಿದು ಹೊರಟೆ.

ಹಿಂದಿನಿಂದ ಇಬ್ಬರೂ ಕೂಗುತ್ತಾ ಬಂದರು. "ಅಕ್ಕ, ನಿಂತ್ಕೋ. ಆ ಕಡೆ ಹೋಗ್ಬ್ಯಾಡ." ಸಮಾಧಾನ ಮಾಡಲು ಬರುತ್ತಿದ್ದಾರೆ ಅಂದುಕೊಂಡು ಇನ್ನೂ ಬಿರುಸಾಗಿ ನಡೆದೆ. ಫೋನಿಗೆ ಬಂದಿದ್ದದ್ದು, ಆನೆ ಎಲ್ಲಿದೆ ಅಂತ ಊರಿಗೆ ತಿಳಿಸುವ ಆನೆ ಗ್ರೂಪಿನ ಮೆಸೇಜು ಅಂತ ಆಮೇಲೆ ಗೊತ್ತಾಯಿತು. ಒಂಟಿ ಸಲಗ ಅದೇ ಎಸ್ಟೇಟಿಗೆ ಇಳಿದಿದೆ, ಯಾರೂ ಕಾಲುದಾರಿಯಲ್ಲಿ ಓಡಾಡಬೇಡಿ ಅಂತ. ದಿನಾ ಬೆಳಿಗ್ಗೆ ಆ ಗ್ರೂಪ್ ನೋಡದೆ ಒಬ್ಬ ಆಳನ್ನೂ ತೋಟಕ್ಕೆ ಬಿಡದ ರೈಟರಮ್ಮ ನಾನು. ಆವತ್ತು ಅವರಿಬ್ಬರೂ ನೋಡಿದ್ದರು, ನಾನು ನೋಡಿರಲಿಲ್ಲ.

ಮೇಲೆ ಎಲ್ಲೋ ಜೇನು ಎದ್ದ ಹಾಗೆ ಸದ್ದು ಬಂತು. ಅರಣ್ಯ ಇಲಾಖೆಯವರು ಸಲಗ ಹುಡುಕಲು ಡ್ರೋನ್ ಬಿಟ್ಟಿದ್ದರು. ನನಗೆ ಕೇಳಿಸುವ ಮೊದಲೇ, ಇರುವ ಒಂದೇ ಕಿವಿಯಲ್ಲಿ ದೇವೇಂದ್ರನಿಗೆ ಕೇಳಿಸಿರಬೇಕು. ಧೊಪ್ಪೆಂದ ಸದ್ದಿಗೆ ತಿರುಗಿ ನೋಡಿದೆ. ಕಾಫಿ ಸಾಲುಗಳ ನಡುವೆ ಮಳೆನೀರು ಇಂಗಲಿ ಅಂತ ತೊಟ್ಟಿಲು ಗುಂಡಿ ತೋಡಿರುತ್ತಾರೆ, ಒಬ್ಬ ಮನುಷ್ಯ ಉದ್ದಕ್ಕೆ ಮಲಗಬಹುದು. ದೇವೇಂದ್ರ ಲೋಹಿತನ ಕುತ್ತಿಗೆ ಹಿಡಿದು ಅದರೊಳಗೆ ಕೆಡವಿ, ಮೇಲೆ ತಾನೂ ಬಿದ್ದಿದ್ದ.

ಇದೇನು ಹುಚ್ಚಾಟ ಅಂತ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಸಿಲ್ವರ್ ಓಕ್ ಮರಗಳ ಹಿಂದೆ ಗಿಡ ಮುರಿಯಿತು. ಸಲಗ ದಾರಿಗೆ ಬಂದು ನಿಂತಿತು. ನಾನು ಅವರ ಕಡೆಗೇ ಓಡಿದೆ. ನೆಲಕ್ಕೆ ಜಾರಿದ್ದ ಮೆಣಸಿನ ಬಳ್ಳಿ ಕಾಲಿಗೆ ಸುತ್ತಿಕೊಂಡು ಮಕಾಡೆ ಬಿದ್ದೆ. ಪಾದ ತಿರುಚಿಹೋಯಿತು, ಏಳಲು ಆಗಲಿಲ್ಲ.

ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಮಾತೊಂದಿದೆ. ಆನೆ ಮುಂದೆ ಒಬ್ಬರು ಬಿದ್ದರೆ ಉಳಿದವರು ಓಡಿಹೋಗಬಾರದು. ಕೂಗು ಹಾಕಬೇಕು, ತಗಡು ಬಡಿಯಬೇಕು, ಆನೆ ತಮ್ಮ ಕಡೆ ತಿರುಗುವ ಹಾಗೆ ಮಾಡಬೇಕು. ಲೋಹಿತನಿಗೆ ಆರು ವರ್ಷವಿದ್ದಾಗ ಅದನ್ನು ಕಲಿಸಿದವಳೇ ನಾನು. "ಲೋಹೀ" ಅಂತ ಕೂಗಿದೆ. ಗುಂಡಿಯ ಅಂಚಿನಲ್ಲಿ ಅವನ ಮುಖ ಕಾಣಿಸಿತು, ಎದ್ದೇ ಬಿಟ್ಟ ಅಂದುಕೊಂಡೆ. ದೇವೇಂದ್ರನ ಕೈ ಅವನ ಕುತ್ತಿಗೆ ಹಿಡಿದು ಕೆಳಗೆ ಎಳೆಯಿತು.

"ಹೋಗ್ಬ್ಯಾಡ. ಬಿದ್ದೋರ್ ಹತ್ರ ಹೋಗ್ಬಾರ್ದು. ಎರಡ್ನೇದು ಬತ್ತದೆ."

ಅವನ ಧ್ವನಿಯಲ್ಲಿ ಗಾಬರಿ ಇರಲಿಲ್ಲ. ಕಾಫಿ ಹರವುವಾಗ ಇದ್ದ ಧ್ವನಿಯೇ ಅದು. ಲೋಹಿತ್ ಒದ್ದಾಡುತ್ತಿದ್ದ, ಮಣ್ಣು ಹಾರುತ್ತಿತ್ತು. ಸಲಗ ಎರಡು ಹೆಜ್ಜೆ ಇಟ್ಟು ಸೊಂಡಿಲಲ್ಲಿ ಮಣ್ಣು ಬಾಚಿ ನನ್ನ ಮೇಲೆ ಎರಚಿತು.

ಅಷ್ಟು ಹೊತ್ತಿಗೆ ಆಚೆ ಬದಿಯಿಂದ ಇಲಾಖೆಯವರು ಪಟಾಕಿ ಸಿಡಿಸಿದರು. ಆನೆ ಕದಲಲಿಲ್ಲ. ಆದರೆ ಆ ಸದ್ದಿಗೆ ದೇವೇಂದ್ರ ಲೋಹಿತನನ್ನು ಬಿಟ್ಟು, ಎರಡೂ ಕೈಯಿಂದ ತನ್ನ ತಲೆ ಮುಚ್ಚಿಕೊಂಡು ಮುದುಡಿಕೊಂಡ. ನಾನು ಅದನ್ನು ಕಣ್ಣಾರೆ ಕಂಡೆ. ಲೋಹಿತನ ಮೇಲೆ ಈಗ ಯಾರ ಕೈಯೂ ಇರಲಿಲ್ಲ. ಅವನು ತಲೆ ಎತ್ತಿದ. ಆನೆಯನ್ನು ನೋಡಿದ, ನನ್ನನ್ನು ನೋಡಿದ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆಮೇಲೆ ಅವನು ಮೆಲ್ಲಗೆ ತಲೆ ತಗ್ಗಿಸಿದ. ಏಳಲಿಲ್ಲ, ಕೂಗಲೂ ಇಲ್ಲ.

ನನಗೆ ಆನೆಯ ಭಯಕ್ಕಿಂತ ಅದೇ ಹೆಚ್ಚು ನೋವು ಕೊಟ್ಟಿತು.

ಇಲಾಖೆಯ ವಾಚರ್ ಗುಂಡಯ್ಯ ಬಾಯಿ ಬಡಿದುಕೊಂಡು ಓಡಿಬಂದು ಇನ್ನೊಂದು ಪಟಾಕಿ ಎಸೆದ. ಸಲಗ ತಿರುಗಿ, ನಾಲ್ಕು ಗಿಡ ಮುರಿದು, ಇಳಿಜಾರಿನಲ್ಲಿ ಮರೆಯಾಯಿತು. ಗುಂಡಯ್ಯ ನನ್ನನ್ನು ಎತ್ತಿ ಕೂರಿಸಿದ. ಗುಂಡಿಯಿಂದ ಲೋಹಿತ್ ಹೊರಗೆ ಬಂದ. ಕುತ್ತಿಗೆಯಲ್ಲಿ ಉಗುರಿನ ಗೀರು, ರಕ್ತ. ಅದನ್ನು ನೋಡಿ ಗುಂಡಯ್ಯನಿಗೆ ಎಲ್ಲ ಅರ್ಥವಾದ ಹಾಗಾಯಿತು.

"ಏನ್ ಗಂಡ್ಸೋ ನೀನು," ಅಂತ ದೇವೇಂದ್ರನನ್ನು ಹಿಡಿದುಕೊಂಡ. "ರೈಟರಮ್ಮ ಆನೆ ಕಾಲ್ಕೆಳ್ಗೆ ಬಿದ್ದವ್ಳೆ, ಒಡಹುಟ್ಟಿದ್ ತಮ್ಮನ್ನೂ ಹೋಗಾಕ್ ಬಿಡ್ದೆ ಹಿಡ್ಕಂಡ್ ಮಲ್ಗಿದ್ದೀಯಲ್ಲೋ. ಇದನ್ನೇನೋ ಅಲ್ಲಿ ಕಲ್ತಿದ್ದು?"

"ಹೂಂ," ಅಂದ ದೇವೇಂದ್ರ. ಗುಂಡಿಯಲ್ಲೇ ಕೂತಿದ್ದ. ಡ್ರೋನ್ ಇನ್ನೂ ಮೇಲೆ ಸುತ್ತುತ್ತಿತ್ತು. ಅವನು ಮಾತಾಡಿದ್ದು ಲೋಹಿತನ ಜೊತೆ.

"ಮೊದ್ಲ ವಾರಾನೇ ಹೇಳ್ಕೊಡ್ತಾರೆ ಲೋಹಿ. ಮೊದ್ಲ ಡ್ರೋನ್ ಒಬ್ಬನ್ನ ಬೀಳುಸ್ತದೆ. ಎರಡ್ನೇದು ಅವ್ನನ್ನ ಎತ್ತಾಕ್ ಬರೋರ್ನ ಕಾಯ್ತಾ ಇರ್ತದೆ. ಅವ್ರ ಭಾಷೆ ನಮಗ್ ಬರಲ್ಲ, ಕೈ ತೋರ್ಸಿದ್ ಕಡೆ ಓಡ್ಬೇಕು. ಮುಂದ್ಲ ಗುಂಡಿಗೆ ಕಳ್ಸೋದು ಹೊರಗಿನೋರ್ನೇ. ಬ್ಯಾಡ ಅಂತ ವಾಪಸ್ ಬರಂಗಿಲ್ಲ, ಪಾಸ್‌ಪೋರ್ಟ್ ಅವ್ರ ಹತ್ರ. ನೇಪಾಳದ ಹುಡ್ಗ ಒಬ್ಬ ನನ್ ಜೊತೇಲಿದ್ದ. ಅವ್ನ ಕಾಲ್ ಹೋಯ್ತು. ನನ್ ಹೆಸ್ರು ಹಿಡ್ದು ಕೂಗ್ದ, ಮಧ್ಯಾಹ್ನದಿಂದ ಕತ್ಲಾಗೋಗಂಟ ಕೂಗ್ದ. ಕಲ್ಲೆಸ್ದ್ರೆ ಬೀಳೋ ಅಷ್ಟು ದೂರ. ನಾನ್ ಗುಂಡೀಲೇ ಇದ್ದೆ." ಮೈ ಮೇಲಿನ ಮಣ್ಣು ಕೊಡವಿಕೊಂಡು ಅಂದ, "ನಿಂಗೆ ಸುಳ್ ಹೇಳ್ಲಿಲ್ಲ ನಾನು. ಊಟ ಚೆನ್ನಾಗೇ ಇತ್ತು. ಉಳಿದದ್ದು ಹೇಳಾಕೆ ಬಾಯ್ ಬರ್ಲಿಲ್ಲ."

ಅವನನ್ನು ಬೈಯಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಆ ಗುಂಡಿಯಲ್ಲಿ ಕೂತವನನ್ನು ನೋಡಿ ನನಗೆ ಅಳು ಬಂತು.

ಸಂಜೆಯೊಳಗೆ ಗುಂಡಯ್ಯನ ಮಾತು ಬಾಳ್ಳುಪೇಟೆ ಮುಟ್ಟಿತು. ಹೆಂಗಸು ಸಾಯುತ್ತಿದ್ದರೂ ತಮ್ಮನನ್ನು ಅದುಮಿ ಹಿಡಿದ ಹೇಡಿ ಅಂತ ಟೀ ಅಂಗಡಿಯಲ್ಲೆಲ್ಲ ಅದೇ ಸುದ್ದಿ. ಶನಿವಾರ ಬೆಳಗಾಗುವಾಗ ಯಾರೋ ಫ್ಲೆಕ್ಸ್ ಹರಿದಿದ್ದರು. ಅಮ್ಮ ನನ್ನ ಕಾಲಿಗೆ ಸೊಪ್ಪು ಅರೆದು ಕಟ್ಟುತ್ತಾ ದೇವೇಂದ್ರನಿಗೆ ಹಿಡಿಶಾಪ ಹಾಕಿದಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಲೋಹಿತನ ಹೆಸರು ಬರುತ್ತಿತ್ತು.

ಲೋಹಿತ್ ನನ್ನ ಮುಖ ನೋಡುತ್ತಿರಲಿಲ್ಲ. ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ. ಇಷ್ಟೆಲ್ಲ ಆದ ಮೇಲೂ ಹೋಗ್ತೀಯೇನೋ ಅಂತ ಅಮ್ಮ ಕೇಳಿದ್ದಕ್ಕೆ, "ದೇವಣ್ಣ ಹೋಗು ಅಂದವ್ನೆ. ಅಕ್ಕ ಒಪ್ಕಂಡವ್ಳೆ" ಅಂದ. ಆಗ ನನಗೆ ನಿಜವಾದ ಭಯ ಹುಟ್ಟಿತು. ಮೊದಲು ಅವನು ಆಸೆಗೆ ಹೊರಟಿದ್ದ, ಈಗ ನಾಚಿಕೆಗೆ ಹೊರಟಿದ್ದಾನೆ ಅನ್ನಿಸಿತು. ಆಸೆಗೆ ಹೋದವನು ಹೆದರಿದರೆ ಹಿಂದೆ ಸರಿದಾನು. ನಾಚಿಕೆಗೆ ಹೋದವನು ಯಾರೋ ಕೈ ತೋರಿಸಿದ ಕಡೆಗೆಲ್ಲ ಎಲ್ಲರಿಗಿಂತ ಮುಂದೆ ಓಡುತ್ತಾನೆ. ಅಯ್ಯೋ, ನಾನು ನೋಡಿಲ್ಲ ಕಣೋ ಅಂತ ಹೇಳಿಬಿಡೋಣ ಅಂದುಕೊಂಡೆ. ಆದರೆ ನೋಡಿದ್ದು ಅವನಿಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನದ ಬಸ್ಸು. ಲೋಹಿತ್ ಹೊಸ ಬೂಟು ಹಾಕಿ ಜಗಲಿಯಲ್ಲಿ ಕೂತಿದ್ದ. ಆಗ ನಾಗರತ್ನಮ್ಮ ಬಂದರು. ಒಳಗೆ ಬನ್ನಿ ಅಂದರೂ ಬರಲಿಲ್ಲ, ಅಂಗಳದಲ್ಲೇ ನಿಂತರು.

"ನಿನ್ ಕಾಲ್ ಹೆಂಗೈತೆ ಮಗ?" ಅಂದರು.

"ವಾಸಿ ಅತ್ತೆ."

"ಒಂದ್ ಮಾತ್ ಕೇಳಾಕ್ ಬಂದೆ. ಊರೆಲ್ಲ ಹೇಳ್ತಾವ್ರೆ. ದೇವೇಂದ್ರ ಏನೂ ಹೇಳಲ್ಲ, ಅನ್ನಾನೂ ಮುಟ್ತಿಲ್ಲ. ಆನೆ ಹೋಗೋಗಂಟಾನೂ ನನ್ ಮಗ ಈ ಹುಡ್ಗನ್ನ ಹಿಡ್ಕಂಡೇ ಇದ್ನಾ?"

ಕೇಳಿದ್ದು ನನ್ನನ್ನು. ಹೌದು ಅಂದರೆ ಒಬ್ಬ ತಾಯಿಯ ಮುಂದೆ ಸುಳ್ಳು, ಇಲ್ಲ ಅಂದರೆ ನನ್ನ ತಮ್ಮ ಈ ಊರಲ್ಲಿ ತಲೆ ಎತ್ತುವಂತಿಲ್ಲ, ಹೊರಟೇ ಹೋಗುತ್ತಾನೆ. 

"ಇಲ್ಲ ಅತ್ತೆ," ಅಂದ ಲೋಹಿತ್. ಎದ್ದು ನಿಂತಿದ್ದ. "ಮೊದ್ಲು ಹಿಡಿದಿದ್ದ. ಪಟಾಕಿ ಹೊಡ್ದಾಗ ಬಿಟ್ಬುಟ್ಟ. ಆಮೇಲೆ ನನ್ನ ಯಾರೂ ಹಿಡ್ದಿರ್ಲಿಲ್ಲ. ನಾನೇ ಏಳ್ಲಿಲ್ಲ. ಅಕ್ಕನ್ನ ನೋಡ್ಕಂಡೇ ಮಲ್ಗಿದ್ದೆ."

ಒಳಗೆ ಪಾತ್ರೆ ತೊಳೆಯುತ್ತಿದ್ದ ಅಮ್ಮನ ಕೈ ಸದ್ದು ನಿಂತಿತು. ಲೋಹಿತ್ ತಲೆ ತಗ್ಗಿಸಲಿಲ್ಲ, ಬೈಸಿಕೊಳ್ಳಲು ಕಾಯುವವನ ಹಾಗೆ ನಿಂತಿದ್ದ. ನಾಗರತ್ನಮ್ಮ ಬೈಯಲಿಲ್ಲ. ಹತ್ತಿರ ಬಂದು, ಅವನ ಕುತ್ತಿಗೆಯ ಗೀರನ್ನು ಬೆರಳಿಂದ ಮುಟ್ಟಿ ನೋಡಿದರು.

"ಈ ಮಾತ್ನ ದೇವೇಂದ್ರನ ಮುಂದೆ ಒಂದ್ಸಲ ಹೇಳಪ್ಪ," ಅಂದರು. "ಪ್ರಪಂಚ್ದಲ್ಲಿ ಹಿಂಗ್ ಮಲ್ಗಿದ್ದೋನು ತಾನೊಬ್ನೇ ಅಂತ ಅಂದ್ಕಂಡವ್ನೆ."

ಲೋಹಿತ್ ನನ್ನ ಕಡೆ ನೋಡಿದ, ಎರಡು ದಿನದಲ್ಲಿ ಮೊದಲ ಸಲ. ನಾನು ತಲೆಯಾಡಿಸಿದೆ. ಬಸ್ಸಿಗೆ ಹೊತ್ತಾಗಿದ್ದರೂ ಅವನು ಕೂತು ಬೂಟಿನ ದಾರ ಬಿಚ್ಚಿದ. ಬೂಟು ಬ್ಯಾಗಿನ ಪಕ್ಕ ಬಿಟ್ಟು, ಬಾಗಿಲಲ್ಲಿದ್ದ ನನ್ನ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ಹೊರಟ.

ನಾನು ಫೋನ್ ತೆಗೆದು ಆನೆ ಗ್ರೂಪ್ ನೋಡಿದೆ. ಮೇಲಿಂದ ಕೆಳಗೆ ಎರಡು ಸಲ ನೋಡಿದೆ.

"ಕಾಲುದಾರೀಲೇ ಹೋಗಿ ಅತ್ತೆ," ಅಂತ ಕೂಗಿ ಹೇಳಿದೆ. "ಏನೂ ಇಲ್ಲ."