ಮೂವತ್ತನಾಲ್ಕನೇ ಗಿಡ

ಲೆಕ್ಕದಲ್ಲಿ ಜನನಿ ಸ್ವಲ್ಪ ಮಂದ ಅಂತ ಯಾರಾದರೂ ಅಂದರೆ ಅನ್ನಲಿ, ಸುಳ್ಳೇನಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿ. ಗುರುವಾರವಷ್ಟೇ ಮುರಳೀಧರನ್ ಸಾರ್ ಹತ್ತಿರ ಎಲ್ಲರೆದುರು ಬೈಸಿಕೊಂಡಿದ್ದಳು. ಗೆರೆಯ ಒಂದು ತುದಿ ಗೊತ್ತು, ಮಧ್ಯಬಿಂದು ಗೊತ್ತು, ಇನ್ನೊಂದು ತುದಿ ಹುಡುಕು ಅಂದರೆ ಮಹಾತಾಯಿ ಎರಡನ್ನೂ ಕೂಡಿಸಿ ಅರ್ಧ ಮಾಡಿಟ್ಟಿದ್ದಳು. "ಮುಂದಿನ ತುದಿ ಕೇಳಿದ್ರೆ ಹಿಂದಕ್ಕೆ ಓಡ್ತೀಯಲ್ಲಮ್ಮ! ಮಧ್ಯ ದಾಟಿ ಅಷ್ಟೇ ದೂರ ಮುಂದೆ ಹೋಗು" ಅಂದಿದ್ದರು ಸಾರ್. ಕ್ಲಾಸೆಲ್ಲ ನಕ್ಕಿತ್ತು.

ಶನಿವಾರ ಅರ್ಧ ದಿನದ ಶಾಲೆ. ಮಂಜೂರಿನಲ್ಲಿ ಬಸ್ಸಿಳಿದವಳು ನೇರ ತಮ್ಮ ಟೀ ತೋಟಕ್ಕೆ ನಡೆದಳು. ಅವ್ವೆ ತಂಗಮಣಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು: "ನೀ ಮೂರನೇ ಸಾಲು, ಆರನೇ ಗಿಡದಿಂದ ಎಲೆ ಕೀಳು ಕೂಸೇ. ಟಾರ್ಪಾಲು ಹನ್ನೆರಡನೇ ಸಾಲು, ಇಪ್ಪತ್ತನೇ ಗಿಡದತ್ರ ಹಾಸಿರ್ತೀನಿ. ನನ್ನ ಗಿಡಕ್ಕೂ ನಿನ್ನ ಗಿಡಕ್ಕೂ ನಡುಮಧ್ಯ."

ತಂಗಮಣಿಯ ಪದ್ಧತಿಯೇ ಅದು. ಇಬ್ಬರೂ ಎರಡು ಕಡೆಯಿಂದ ಶುರು ಮಾಡಬೇಕು; ಎಲೆ ಸುರಿಯುವ ಟಾರ್ಪಾಲು ಸರಿಯಾಗಿ ನಡುವೆ ಇರಬೇಕು; ಒಬ್ಬರಿಗೆ ಹೊರೆ ಹೆಚ್ಚಾಗಬಾರದು. ಕೆಳಗಿನ ಮೂಲೆಯ ಸಿಲ್ವರ್ ಓಕ್ ಮರದಿಂದ ಮೇಲಕ್ಕೆ ಸಾಲು ಎಣಿಸುವುದು, ಅಡ್ಡಕ್ಕೆ ಗಿಡ ಎಣಿಸುವುದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಒಂದು ಗಿಡ ಆಚೀಚೆ ಆಗುತ್ತಿರಲಿಲ್ಲ. ಇನ್ನೊಂದು ಕಟ್ಟಪ್ಪಣೆಯೂ ಇತ್ತು. ಮಂಜು ಕವಿದು ಕಾಟಿ, ಅಂದರೆ ಕಾಡುಕೋಣ, ಬಂದರೆ ಬಾಯಿ ಬಿಡಬಾರದು, ಅವರವರು ಶುರು ಮಾಡಿದ ಗಿಡದ ಬುಡಕ್ಕೆ ಹೋಗಿ ಕೂರಬೇಕು. ಗುರುತಿಗೆ ಆ ಗಿಡಕ್ಕೆ ಕೆಂಪು ಬಟ್ಟೆ ಕಟ್ಟುತ್ತಿದ್ದರು.

ಮೂರು ಗಂಟೆಗೆ ಮಂಜು ಇಳಿಯಿತು. ಅಬ್ಬಾ, ಎಂಥ ಮಂಜು! ಚಾಚಿದ ಕೈಯ ಬೆರಳು ಕಾಣದಷ್ಟು. ಅದರೊಳಗೆ ಎಲ್ಲೋ ದಬದಬ ಗೊರಸಿನ ಸದ್ದು, ಗಿಡ ಮುರಿದ ಸದ್ದು, ಅವ್ವೆಯ ಒಂದೇ ಒಂದು ಚೀತ್ಕಾರ. ಆಮೇಲೆ ಏನೂ ಇಲ್ಲ. ಕೂಗು ಮೇಲಿಂದ ಬಂತೋ ಪಕ್ಕದಿಂದ ಬಂತೋ ತಿಳಿಯಲಿಲ್ಲ.

ಜನನಿ 'ಅವ್ವೇ' ಎಂದು ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಹೋದ ತಿಂಗಳು ಪಕ್ಕದ ಹಟ್ಟಿಯ ಹಾಲನ್ ಅಣ್ಣ ಕಾಟಿಯನ್ನು ಓಡಿಸಲು ಕೂಗಿದ್ದೇ ತಪ್ಪಾಗಿತ್ತು. ಅದು ಸದ್ದಿನ ಜಾಡು ಹಿಡಿದು ಬಂದು ತಿವಿದಿತ್ತು. ಅಣ್ಣ ಮೂರು ದಿನವೂ ಬದುಕಲಿಲ್ಲ.

ತನ್ನ ಗಿಡದ ಬುಡದಲ್ಲಿ ಕೂರಬೇಕಿತ್ತು. ಆದರೆ ಆ ಚೀತ್ಕಾರ ಕೇಳಿದ ಮೇಲೆ ಯಾವ ಮಗಳು ಕೂರುತ್ತಾಳೆ? ಗಿಡ ಮುಟ್ಟಿ ಮುಟ್ಟಿ ಎಣಿಸುತ್ತ ಟಾರ್ಪಾಲಿಗೆ ಹೋದಳು. ಎಲೆಯ ರಾಶಿ ಇತ್ತು, ಅವ್ವೆ ಇರಲಿಲ್ಲ. ಫೋನು ಮನೆಯಲ್ಲೇ ಚಾರ್ಜಿಗಿತ್ತು. ಅವ್ವೆ ಬದುಕಿದ್ದರೆ ತನ್ನ ಕೆಂಪು ಬಟ್ಟೆಯ ಹತ್ತಿರ ಇರುತ್ತಾಳೆ. ಆದರೆ ಅದು ಯಾವ ಗಿಡ? ಅವಳು ಹೇಳಿಯೇ ಇರಲಿಲ್ಲ!

ಇದು ಸಾರ್ ಕೊಟ್ಟ ಅದೇ ಲೆಕ್ಕ ಅಂತ ಹೊಳೆದಾಗ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಆರು, ಇಪ್ಪತ್ತು ಸೇರಿ ಇಪ್ಪತ್ತಾರು, ಅರ್ಧ ಹದಿಮೂರು. ಮೂರು, ಹನ್ನೆರಡು ಸೇರಿ ಹದಿನೈದು, ಅರ್ಧ ಏಳೂವರೆ. ಹದಿಮೂರನೇ ಗಿಡ, ಏಳೂವರೆ ಸಾಲು. ಬಗ್ಗಿಕೊಂಡು ಹೋಗಿ ತಡಕಿದಳು. ಏಳನೇ ಸಾಲಿತ್ತು, ಎಂಟನೇದಿತ್ತು, ನಡುವೆ ಒದ್ದೆ ಮಣ್ಣು ಬಿಟ್ಟರೆ ಏನಿರುತ್ತದೆ? ಗಿಡ ಸವರಿದರೆ ಚಿಗುರೇ ಇಲ್ಲ. ಒಂದು ಗಂಟೆ ಹಿಂದೆ ತಾನೇ ಕಿತ್ತ ಗಿಡಗಳು.

ಥೂ, ಮತ್ತೆ ಹಿಂದಕ್ಕೇ ಓಡಿದ್ದೆ! ತಲೆ ತಲೆ ಚಚ್ಚಿಕೊಂಡಳು. ಇಲ್ಲಿ ತಪ್ಪಿದರೆ ಕೆಂಪು ಇಂಕಿನ ಗೀಟಲ್ಲ, ಅವ್ವೆಯೇ ಇಲ್ಲ. ಅಳು ನುಂಗಿ, ಬೆರಳು ಮಡಚಿ, ಮೊದಲಿಂದ ಹಿಡಿದಳು. ಆರರಿಂದ ಇಪ್ಪತ್ತಕ್ಕೆ ಹದಿನಾಲ್ಕು. ಇನ್ನೂ ಹದಿನಾಲ್ಕು ದಾಟಿದರೆ ಮೂವತ್ತನಾಲ್ಕು. ಮೂರರಿಂದ ಹನ್ನೆರಡಕ್ಕೆ ಒಂಬತ್ತು; ಇನ್ನೂ ಒಂಬತ್ತು ಹತ್ತಿದರೆ ಇಪ್ಪತ್ತೊಂದು. ಮೂವತ್ತನಾಲ್ಕನೇ ಗಿಡ, ಇಪ್ಪತ್ತೊಂದನೇ ಸಾಲು.

ಏಳನೇ ಸಾಲಿನಲ್ಲೇ ಅಡ್ಡಕ್ಕೆ ಹೊರಟಳು. ಇಪ್ಪತ್ತನೇ ಗಿಡದ ಹತ್ತಿರ ಬಂದಾಗ ಮೇಲುಗಡೆ 'ಬುಸ್ಸ್' ಎಂದು ಏನೋ ಉಸಿರು ಬಿಟ್ಟಿತು. ಎಷ್ಟನೇ ಗಿಡ ಎಂಬುದು ಮರೆತುಹೋದೀತೆಂಬ ಭಯ ಕಾಟಿಯ ಭಯಕ್ಕಿಂತ ದೊಡ್ಡದಾಗಿತ್ತು. ತುಟಿಯಲ್ಲೇ ಎಣಿಸುತ್ತ ಮೂವತ್ತನಾಲ್ಕು ಮುಟ್ಟಿದಳು. ಅಲ್ಲಿಂದ ಮೇಲಕ್ಕೆ, ಗಿಡಗಳ ಸಂದಿಯಲ್ಲಿ ತೂರಿ, ಕೈ ಮೈ ತರಚಿಕೊಂಡು, ಒಂದೊಂದೇ ಸಾಲು.

ಇಪ್ಪತ್ತೊಂದನೇ ಸಾಲಿನಲ್ಲಿ ಕೈಗೆ ಒದ್ದೆ ಬಟ್ಟೆ ಸಿಕ್ಕಿತು. ಕೆಂಪು ಬಟ್ಟೆ! ಗಿಡದ ಸುತ್ತ ತಡಕಿದಳು. ಯಾರೂ ಇಲ್ಲ. ಲೆಕ್ಕ ಸರಿ ಬಂದಿತ್ತು, ಅವ್ವೆ ಬಂದಿರಲಿಲ್ಲ. ಅಯ್ಯೋ ದೇವರೇ, ಹಾಗಾದರೆ ಆ ಕೂಗು...

ಯಾರೋ ಗಬಕ್ಕನೆ ಕಾಲು ಹಿಡಿದೆಳೆದರು. ಗಿಡದ ಕೆಳಗಿನ ನೀರು ಹೋಗುವ ಕಾಲುವೆಯೊಳಗೆ ಬಿದ್ದಳು. ಕೆಸರಿನ ಕೈಯೊಂದು ಬಾಯಿ ಮುಚ್ಚಿತು. ಅವ್ವೆ! ಮುಖವೆಲ್ಲ ಮಣ್ಣು, ಬಲಗಾಲು ವಾರೆಯಾಗಿ ತಿರುಗಿತ್ತು. ಮೊದಲು ಕೆನ್ನೆಗೊಂದು ಬಿಟ್ಟಳು, ಸದ್ದಾಗದ ಹಾಗೆ.

"ನಿನ್ನ ಗಿಡದತ್ರ ಕೂರು ಅಂದಿರಲಿಲ್ಲವಾ?" ಉಸಿರಿನಲ್ಲೇ ಬೈದಳು. ಆಮೇಲೆ ಅದೇ ಕೆನ್ನೆ ಸವರಿದಳು. "ಎನ್ನ ಗಿಡ ಯಾವುದು ಅಂತ ಹೇಳಲೇ ಇಲ್ಲೆ. ಹೇಗೆ ಬಂದೆ ಕೂಸೇ?"

"ಟಾರ್ಪಾಲು ನಡುಮಧ್ಯ ಅಂದಿದ್ದೆಯಲ್ಲ ಅವ್ವೆ. ಇನ್ನೂ ಅಷ್ಟೇ ದೂರ ಎಣಿಸಿದೆ."

ತಂಗಮಣಿ ಮಗಳ ಮುಖವನ್ನೇ ನೋಡಿದಳು. "ಬಿದ್ದದ್ದು ಎಂಟು ಗಿಡ ಆಚೆ. ಕಾಲು ಎಳ್ಕೊಂಡು ಇಲ್ಲಿಗೇ ಬಂದೆ. ಯಾರಾದರೂ ಹುಡುಕಿದ್ರೆ ಇಲ್ಲೇ ತಾನೇ ಹುಡುಕೋದು ಅಂತ."

ಅಷ್ಟರಲ್ಲಿ ಗಾಳಿ ಬೀಸಿ ಮಂಜು ಸ್ವಲ್ಪ ಹರಿಯಿತು. ಕೆಳಗೆ ಹನ್ನೆರಡನೇ ಸಾಲಿನಲ್ಲಿ, ಟಾರ್ಪಾಲಿನ ಮೇಲೆ, ಒಂಟಿ ಕಾಟಿ ನಿಂತಿತ್ತು. ಕೊಂಬಿನಿಂದ ಎಲೆಯ ರಾಶಿ ಎತ್ತಿ ಎತ್ತಿ ಎಸೆಯುತ್ತಿತ್ತು. ಸ್ವಲ್ಪ ಹೊತ್ತಿನ ಹಿಂದೆ ಜನನಿ ಕುಕ್ಕರಗಾಲಲ್ಲಿ ಕೂತು ಲೆಕ್ಕ ಹಾಕಿದ್ದ ಜಾಗ ಅದು.

ಅಲ್ಲಿಯವರೆಗೆ ಎಣಿಕೆಯಲ್ಲಿ ತಡೆದಿಟ್ಟಿದ್ದ ನಡುಕವೆಲ್ಲ ಒಟ್ಟಿಗೇ ಬಂತು. ಹಲ್ಲು ಕಟಕಟಿಸುವ ಸದ್ದಿಗೆ ಕಾಟಿ ಎಲ್ಲಿ ತಿರುಗೀತೋ ಎಂದು ಅವ್ವೆ ತನ್ನ ಸೆರಗನ್ನು ಅವಳ ಬಾಯಿಗೆ ತುರುಕಿ, ಎರಡೂ ಕೈಯಲ್ಲಿ ಅವಚಿಕೊಂಡು ಕೂತಳು.