ಮೂವತ್ತು ಹೊಸ ಕೆಲಸ

"ಲೋ ಬೇವರ್ಸಿಗಳಾ, ಕೆಲ್ಸ ಬರೋರ ಥರ ನಿಂತ್ಕೋಬೇಡ್ರೋ. ಸ್ವಲ್ಪ ಪೆದ್ದುಪೆದ್ದಾಗಿ ನೋಡ್ರೋ."

ಮೇಸ್ತ್ರಿ ಬೆಳಿಗ್ಗೆಯಿಂದ ನಮಗೆ ಇದನ್ನೇ ಅಭ್ಯಾಸ ಮಾಡಿಸುತ್ತಿದ್ದ. ಡಬ್ಬಿಯ ಮುಚ್ಚಳ ಒತ್ತುವ ಕಾರ್ಖಾನೆಯಲ್ಲಿ ಹತ್ತು, ಹದಿನೈದು, ಇಪ್ಪತ್ತು ವರ್ಷ ಜೀವ ತೇಯ್ದವರು ನಾವು, ಮೇಸ್ತ್ರಿಯೂ ಸೇರಿ ಮೂವತ್ತು ಜನ. ಪ್ರೆಸ್ಸಿನ ಸದ್ದು ಕೊಂಚ ಬದಲಾದರೆ ನಿದ್ದೆಯಲ್ಲೂ ಗುರುತು ಹಿಡಿಯುವವರಿಗೆ ಪೆದ್ದರಾಗುವುದು ಸುಲಭವಲ್ಲ.

ಆದದ್ದಿಷ್ಟು. ಹೊಸದಾಗಿ ಬಂಡವಾಳ ಹಾಕಿ ಹೊಸ ಕೆಲಸ ಕೊಡುವ ಕಂಪನಿಗೆ ಅರ್ಧ ತೆರಿಗೆ ಮಾಫಿ ಎಂದು ಸರ್ಕಾರ ಸಾರಿತ್ತು, ದೇಶ ಬೆಳೆಯಲಿ ಎಂದು. ಧಣಿ ಬಂಡವಾಳ ಹಾಕಲಿಲ್ಲ, ಬಣ್ಣ ತರಿಸಿದರು. ಹಸಿರು ಪ್ರೆಸ್ಸುಗಳು ಒಂದೇ ವಾರದಲ್ಲಿ ನೀಲಿಯಾದವು. ಬಾಗಿಲಿಗೆ ಹೊಸ ಹೆಸರಿನ ಬೋರ್ಡು ಬಂತು. ಆ ಬೆಳಿಗ್ಗೆ ನಮ್ಮೆಲ್ಲರಿಂದ ರಾಜೀನಾಮೆ ಬರೆಸಿಕೊಂಡು, ಕಾಲು ಗಂಟೆ ಬಿಟ್ಟು 'ಅನುಭವವಿಲ್ಲದವರು' ಎಂದು ಮತ್ತೆ ಸೇರಿಸಿಕೊಂಡರು. ಕಲಿಯುವವರ ಸಂಬಳ; ಅಂದರೆ ಮುಂಚಿನದರ ಅರ್ಧ. ಹಾಗಾದರೆ ಹಳೆ ಕಂಪನಿಯಲ್ಲಿ ಹೋದ ಮೂವತ್ತು ಕೆಲಸ? ಅದನ್ನು ನೋಡಿಕೊಳ್ಳುವುದು ಬೇರೆ ಇಲಾಖೆಯಂತೆ. ಬಾಯಿ ಮಾಡಿದವರಿಗೆ ಧಣಿ, ತೆರಿಗೆ ಇಳಿದರೆ ಕಂಪನಿ ಬೆಳೆಯುತ್ತದೆ, ಕಂಪನಿ ಬೆಳೆದರೆ ನೀವೂ ಬೆಳೆಯುತ್ತೀರಿ ಎಂದು ತಿಳಿಹೇಳಿದರು.

ಮಧ್ಯಾಹ್ನ ತೆರಿಗೆ ಇಲಾಖೆಯ ಸಾಹೇಬರು ತನಿಖೆಗೆ ಬಂದರು. ಮೊದಲು ನಿಂತದ್ದು ದೊಡ್ಡಕ್ಕನ ಮುಂದೆ. ಇಪ್ಪತ್ತೆರಡು ವರ್ಷ ಪ್ರೆಸ್ಸಿನ ಮುಂದೆ ಕೂತವಳು. ಬಲಗೈಯ ಎರಡು ಬೆರಳು ಅದರ ಬಾಯಿಗೇ ಕೊಟ್ಟವಳು. ಇವತ್ತು ಸೇರಿದವಳಿಗೆ ಬೆರಳು ಹೋದದ್ದು ಹೇಗೆ ಎಂದು ಸಾಹೇಬರು ಕೇಳಿದರು.

"ಹುಟ್ಟಿದಾಗಿಂದ ಹಾಗೇನೆ ಸಾರ್," ಎಂದರು ಧಣಿ. "ಇಂಥೋರಿಗೂ ಒಂದು ದಾರಿ ಆಗ್ಲಿ ಅಂತ ಸೇರಿಸ್ಕೊಂಡೆ."

ಸಾಹೇಬರು ತಲೆದೂಗಿ ಬರೆದುಕೊಂಡರು. ಅಂಗವಿಕಲರಿಗೆ ಕೆಲಸ ಕೊಟ್ಟರೆ ಇನ್ನೊಂದು ರಿಯಾಯಿತಿ ಇತ್ತು. ಬೆರಳು ಹೋದ ದಿನ ದೊಡ್ಡಕ್ಕ ಕೈಗೆ ಎಣ್ಣೆ ಒರೆಸುವ ಬಟ್ಟೆ ಸುತ್ತಿಕೊಂಡು ಆಸ್ಪತ್ರೆಗೆ ನಡೆದೇ ಹೋಗಿದ್ದಳು. ಅರ್ಧ ದಿನದ ಕೂಲಿ ಮುರಿದಿದ್ದರು. ಈಗ ಧಣಿಯ ಮಾತು ಕೇಳಿ ಅವಳ ಮುಖ ಕಲ್ಲಾಯಿತು.

ಒಂದು ಮುಚ್ಚಳ ಒತ್ತಿ ತೋರಿಸು ಎಂದರು ಸಾಹೇಬರು.

"ನಂಗ್ ಬರಲ್ಲ ಸಾರ್. ಇವತ್ತೇ ಸೇರಿರೋದು."

"ಒತ್ತೇ, ಮುಂಡೆ," ಎಂದು ಧಣಿ ಹಲ್ಲು ಕಚ್ಚಿ ಪಿಸುಗುಟ್ಟಿದರು. ಅವಳು ಕದಲಲಿಲ್ಲ. ಧಣಿ ಪಕ್ಕದವನನ್ನು ಕರೆದರು. ಅವನಿಗೂ ಬರಲಿಲ್ಲ. ನನಗೂ ಬರಲಿಲ್ಲ. ಕೊನೆಗೆ ಮೇಸ್ತ್ರಿಯತ್ತ ತಿರುಗಿದರು. ಅವನು ಎರಡು ಹೆಜ್ಜೆ ಮುಂದೆ ಬಂದವನು ನಿಂತುಬಿಟ್ಟ. ಅವನ ಸಂಬಳವೂ ಅರ್ಧವಾಗಿತ್ತು.

"ನಾನೂ ಇವತ್ತೇ ಸೇರಿದ್ದು ಧಣಿ," ಎಂದು ನೆಲ ನೋಡಿದ.

ಸಾಹೇಬರು ಸಿಟ್ಟಾಗಲಿಲ್ಲ. ಕೆಲಸ ಕಲಿಸುವ ಖರ್ಚಿಗೂ ರಿಯಾಯಿತಿ ಉಂಟು, ಆದರೆ ಕಲಿಸುವುದನ್ನು ತಾವು ಕಣ್ಣಾರೆ ನೋಡಬೇಕು ಎಂದರು. ಧಣಿಯ ಮುಖ ಅರಳಿತು, ಅರಳಿದಷ್ಟೇ ಬೇಗ ಬಾಡಿತು. ಕಲಿಸಲು ಉಳಿದವರು ಅವರೊಬ್ಬರೇ. ಕೋಟು ಬಿಚ್ಚಿ ಪ್ರೆಸ್ಸಿನ ಮುಂದೆ ಕೂತರು. ಯಾವ ಗುಂಡಿ ಎಂದು ಕಣ್ಣಲ್ಲೇ ನಮ್ಮನ್ನು ಕೇಳಿದರು. ದೊಡ್ಡಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಅವಳ ಹಿಂದೆ ನಾವೆಲ್ಲ ಕೂತೆವು.

"ನಿಧಾನಕ್ಕೆ ಕಲಿಸಿ ಧಣಿ," ಎಂದಳು. "ಅರ್ಥ ಆಗೋವರ್ಗೂ ನಾವ್ ಏಳಲ್ಲ."

ಇವತ್ತಿಗೆ ಆರನೇ ದಿನ. ಧಣಿ ಹನ್ನೊಂದು ಮುಚ್ಚಳ ಒತ್ತಿದ್ದಾರೆ, ಎಲ್ಲವೂ ಸೊಟ್ಟ. ಸಾಹೇಬರು ದಿನಾ ಬಂದು ಬರೆದುಕೊಳ್ಳುತ್ತಾರೆ. ನಮಗಿನ್ನೂ ಅರ್ಥವಾಗಿಲ್ಲ.