ಕಾಗದದಲ್ಲಿ ಬರೆದದ್ದು

ಐಸ್ ಪುಡಿ ಮಾಡುವ ಯಂತ್ರ ನರ್ಸಮ್ಮನ ಬಲಗೈಯ ಎರಡು ಬೆರಳು ನುಂಗಿ ಹನ್ನೊಂದು ದಿನವಾಗಿತ್ತು. ಗಂಗೊಳ್ಳಿಯ ಮೀನಿನ ಶೆಡ್ಡಿನ ಹಿಂದಿದ್ದ ತಗಡಿನ ಕೋಣೆಯಲ್ಲಿ ಅವಳು ಎಡಗೈಯಲ್ಲೇ ಗಂಜಿ ಬಸಿಯಲು ಕಲಿಯುತ್ತಿದ್ದಳು. ಗಂಡ ತೀರಿದ ಮೇಲೆ ಮಗಳನ್ನು ಕಟ್ಟಿಕೊಂಡು ಶ್ರೀಕಾಕುಳಂ ಕಡೆಯಿಂದ ಬಂದವಳು. ಎಂಟು ವರ್ಷದಿಂದ ಅದೇ ಕೋಣೆ, ಅದೇ ಶೆಡ್ಡು. ಮಗಳೀಗ ಇಲ್ಲಿನ ಶಾಲೆಯಲ್ಲಿ ಏಳನೆಯ ಕ್ಲಾಸು.

ಬೆಳಿಗ್ಗೆ ಶೆಡ್ಡಿನ ಧಣಿ ಜಿತೇಂದ್ರ ಕರೆಸಿದ. ಮೇಜಿನ ಮೇಲೆ ಒಂದು ಕಾಗದ, ಪಕ್ಕದಲ್ಲಿ ಶಾಯಿಯ ಪ್ಯಾಡು.

“ಆಸ್ಪತ್ರೆಗೆ ಕೊಡುಕೆ. ಹೆಬ್ಬೆಟ್ ಒತ್ತ್. ಎಡಗೈದೇ ಆತ್.”

“ಎಂತ ಬರ್ದಿತ್ ಒಡೇರೆ?”

“ನಿಂಗ್ ಓದುಕ್ ಬತ್ತಾ? ನಾಳೆ ರೈಲಿಗೆ ಟಿಕೆಟ್ ಮಾಡ್ಸಿದ್ದೆ. ಊರಿಗ್ ಹೋಯಿ ಸುಧಾರ್ಸ್ಕೊ.”

ನರ್ಸಮ್ಮನಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಆಸ್ಪತ್ರೆಯವರು ಕೇಳದ ಕಾಗದ ಇವನಿಗೇಕೆ? ಅವಳು ಅದನ್ನೆತ್ತಿಕೊಂಡು ಮೀನು ಕೊಯ್ಯುತ್ತಿದ್ದ ಹೆಂಗಸರ ಬಳಿ ಹೋದಳು. ಗುಲ್ವಾಡಿಯ ಅಪ್ಪಿಯ ಮುಂದೆ ಹಿಡಿದಳು.

“ಓದ್ ಕಾಂಬ.”

“ಹ್ವಾಯ್ ಅಪ್ಪಿ, ನಿನ್ ಕೆಲ್ಸ ಕಾಣ್,” ಎಂದ ಜಿತೇಂದ್ರ.

ಅಪ್ಪಿ ಕತ್ತಿ ಕೆಳಗಿಟ್ಟಳು. ಅವಳ ಸೊಸೆಗೂ ಈ ಶೆಡ್ಡೇ ಅನ್ನ. ಆದರೂ ಕೈ ಒರೆಸಿಕೊಂಡು ಗಟ್ಟಿಯಾಗಿ ಓದಿದಳು: “ನಾನು ಈ ಶೆಡ್ಡಿನ ಕೆಲಸದವಳಲ್ಲ. ಪರಿಚಯದವರನ್ನು ನೋಡಲು ಬಂದಾಗ ನನ್ನದೇ ತಪ್ಪಿನಿಂದ ಯಂತ್ರಕ್ಕೆ ಕೈ ಕೊಟ್ಟೆ. ಯಾರ ಮೇಲೂ ದೂರಿಲ್ಲ.”

ಕತ್ತಿಗಳು ನಿಂತವು.

“ಪರಿಚಯದವ್ರನ್ ಕಾಂಬುಕೆ ಬಂದದ್ದಾ?” ನರ್ಸಮ್ಮ ಮೆಲ್ಲಗೆ ಕೇಳಿದಳು. “ಎಂಟ್ ವರ್ಷ ಕಾಂತಾ ಇದ್ದಿದ್ನಾ?”

“ಒತ್ತುದಿಲ್ದಿರೆ ಸಂಜೆಯೊಳ್ಗೆ ಕೋಣೆ ಖಾಲಿ ಮಾಡ್.”

“ಕೋಣೆ ನಿಮ್ದೇ, ಬಿಡ್ತೆ. ಊರ್ ಬಿಡುದಿಲ್ಲೆ.”

ಅಪ್ಪಿ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. “ನಡಿ, ದೂರ್ ಕೊಡುಕೆ ನಾನೂ ಬತ್ತೆ. ರಾತ್ರಿಗೆ ಮಗ್ಳನ್ನೂ ಕರ್ಕಂಡ್ ನಮ್ಮನಿಗೇ ಬಾ.”

“ಅವ್ಳ್ ಕೆಲ್ಸದವ್ಳ್ ಅಲ್ದಿರೆ ನಾವೂ ಅಲ್ಲ,” ಎನ್ನುತ್ತ ಪಕ್ಕದಲ್ಲಿ ಮೀನು ಕೊಯ್ಯುತ್ತಿದ್ದ ಸೀತು ಎದ್ದಳು. ಹಿಂದೆಯೇ ಉಳಿದವರೂ ಎದ್ದರು. ನರ್ಸಮ್ಮನೂ ಸೇರಿ ಒಂಬತ್ತು ಜನ ಬಸ್ಸು ಹತ್ತಿದರು.

ಕುಂದಾಪುರದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಗುಮಾಸ್ತ ಎಲ್ಲ ಕೇಳಿಸಿಕೊಂಡ. “ಹಾಜರಿ ಪುಸ್ತಕದಲ್ ಇವ್ಳ ಹೆಸ್ರ್ ಇತ್ತಾ?”

“ಇಲ್ಲೆ,” ಎಂದಳು ಅಪ್ಪಿ.

“ನಿಮ್ದ್?”

ಅಪ್ಪಿ ಸೀತುವಿನ ಮುಖ ನೋಡಿದಳು. ಹದಿನೈದು ವರ್ಷ ದುಡಿದಿದ್ದರು. ಅಂಥ ಪುಸ್ತಕವನ್ನು ಒಬ್ಬಳೂ ಕಂಡಿರಲಿಲ್ಲ.

ನರ್ಸಮ್ಮ ಕುರ್ಚಿ ಎಳೆದು ಕೂತಳು.

“ಹಂಗಾರೆ ದೂರಿನಲ್ ಈಗ್ಳೇ ಹೆಸ್ರ್ ಬರಿನಿ,” ಎಂದಳು. “ನನ್ದ್ ಒಂದೇ ಅಲ್ಲ. ಒಂಬತ್ ಜನ್ರದ್ದೂ.”